ಸಹಾಯ ಬೇಕು: ಅರ್ಥಶಾಸ್ತ್ರ ಹೇಳಿಕೊಡುವವರು ಇದ್ದೀರಾ?

ನಮಸ್ಕಾರ. ಪಿಯುಸಿ ಮುಗಿಸಿ 14 ವರ್ಷದ ಮೇಲೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ.ಗೆ ಸೇರಿದ್ದೇನೆ. ನಾವಿರುವುದು ತಿಪಟೂರಿನಲ್ಲಿ. ಮಗಳು ಐದನೇ ಕ್ಲಾಸು, ಮಗ ಯುಕೆಜಿ.

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅಡುಗೆಮನೆಯಲ್ಲೇ ಪುಸ್ತಕ ತೆರೆಯುತ್ತೇನೆ. ಕುಕ್ಕರ್ ಮೂರನೇ ಸೀಟಿ ಹೊಡೆಯುವಷ್ಟರಲ್ಲಿ ಮಗ ಎದ್ದು ಬಂದು ಮಡಿಲಲ್ಲಿ ಕೂರುತ್ತಾನೆ. ನಿನ್ನೆ ನನ್ನ ನೋಟ್ಸ್ ಮೇಲೆ ಪೆನ್ಸಿಲ್‌ನಲ್ಲಿ ಆನೆ ಬರೆದಿದ್ದ. ಬೈಯಲು ಮನಸ್ಸಾಗಲಿಲ್ಲ.

ಇತಿಹಾಸ ಪರವಾಗಿಲ್ಲ. ಅರ್ಥಶಾಸ್ತ್ರದ್ದೇ ಕಷ್ಟ. ಬೆಲೆ ಇಳಿದರೆ ಜಾಸ್ತಿ ಕೊಳ್ಳುತ್ತೇವೆ ಅಲ್ವಾ, ಅದಕ್ಕೇ ನಕ್ಷೆಯಲ್ಲಿ ಬೇಡಿಕೆ ರೇಖೆ ಎಡದಿಂದ ಬಲಕ್ಕೆ ಕೆಳಗೆ ಇಳಿಯುತ್ತದೆ. ಅಲ್ಲಿವರೆಗೆ ಅರ್ಥವಾಯಿತು. ಬೇಡಿಕೆಯ ಸ್ಥಿತಿಸ್ಥಾಪಕತ್ವಕ್ಕೆ, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎನ್ನುವ ಲೆಕ್ಕಕ್ಕೆ, ಬಂದು ನಿಂತಿದ್ದೇನೆ. ಕನ್ನಡದಲ್ಲಿ ಸರಳವಾಗಿ ಯಾರಾದರೂ ಹೇಳಿಕೊಡುತ್ತೀರಾ? ಹಳೆಯ ಪ್ರಶ್ನೆಪತ್ರಿಕೆ ಇದ್ದರೂ ಕಳಿಸಿ.

ಮಕ್ಕಳನ್ನು ಸಾಕುತ್ತಲೇ ಡಿಗ್ರಿ ಮುಗಿಸಿದ ಅಕ್ಕಂದಿರೇ, ನೀವು ಯಾವ ಹೊತ್ತಿನಲ್ಲಿ ಓದುತ್ತಿದ್ದಿರಿ?