ತರೀಫಾದಿಂದ ದಖ್ಲಾಗೆ ಗಾಡಿಯಲ್ಲಿ: ಎರಡು ಕೈಟ್ ಸಾಕಾ?

ಮರಳುದಾರಿ: ಕೈಟ್‌ಸರ್ಫಿಂಗ್‌ಗೆ (ದೊಡ್ಡ ಗಾಳಿಪಟ ಎಳೆಯುವ ಬಲದಲ್ಲಿ ಹಲಗೆ ಮೇಲೆ ನಿಂತು ನೀರಲ್ಲಿ ಜಾರುವ ಆಟ) ಹೊರಟಿದ್ದೇವೆ. ಸ್ಪೇನ್‌ನ ತರೀಫಾದಲ್ಲಿ ಫೆರ್ರಿ ಹತ್ತಿ ಮೊರಾಕೊಗೆ ಇಳಿದು, ಕರಾವಳಿ ಹಿಡಿದು ಎಸ್ಸೌಯಿರಾ, ಆಮೇಲೆ ಪಶ್ಚಿಮ ಸಹಾರಾದ ದಖ್ಲಾವರೆಗೆ ಹೋಗುವ ಪ್ಲ್ಯಾನ್ ಇದೆ. ಫೋರ್ ವೀಲ್ ಡ್ರೈವ್‌ನಲ್ಲೇ ಮಲಗುತ್ತೇವೆ, ಜಾಗ ಕಮ್ಮಿ. 9 ಮತ್ತು 12 ಚದರ ಮೀಟರ್ ಕೈಟ್ ಸಾಕಾ?

ಅಲೆಗಾರ: ಬೇಸಿಗೆಯಲ್ಲಾದರೆ 12 ಬಿಟ್ಟು 7 ತಗೊಳ್ಳಿ, ಜೋರು ಗಾಳಿಗೆ ಚಿಕ್ಕ ಕೈಟೇ ಸರಿ. ಎಸ್ಸೌಯಿರಾ ಗಾಳಿ ಆಗ ಸಿಕ್ಕಾಪಟ್ಟೆ ಜೋರು, ನೀರೂ ತಣ್ಣಗೆ, ವೆಟ್‌ಸೂಟ್ (ನೀರಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು) ಬೇಕೇ ಬೇಕು. ದಖ್ಲಾ ಲಗೂನ್ (ಹಿನ್ನೀರಿನಂಥ ಕೊಲ್ಲಿ) ಮಾತ್ರ ಸಮತಟ್ಟು ನೀರು, ಕಲಿಯುವವರಿಗೂ ಆರಾಮ.

ಹಳೇಗೇರ್: ಕೈಟ್ ಇರಲಿ, ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಇದೆಯಾ? ಮರಳಿಗೆ ಇಳಿಯುವ ಮೊದಲು ಟೈರ್ ಗಾಳಿ 18 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಆಸುಪಾಸಿಗೆ ಇಳಿಸಿ, ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಿ. ದಖ್ಲಾ ದಾಟಿ ಮಾರಿಟೇನಿಯಾ ಕಡೆ ಹೋಗುವ ಆಸೆ ಬಂದರೆ, ಗಡಿ ಹತ್ತಿರ ಸುಮ್ನೆ ಕೂಡ ದಾರಿ ಬಿಟ್ಟು ಇಳಿಯಬೇಡಿ, ಅಲ್ಲಿ ನೆಲಬಾಂಬ್ ಇವೆ.

ಮರಳುದಾರಿ: ಅಯ್ಯೋ, ದಖ್ಲಾದಿಂದಲೇ ವಾಪಸ್ ಬಿಡಿ! 7 ಹುಡುಕುತ್ತೇನೆ.