ಮನೇಲಿ ಉಳಿಸಿಕೊಂಡ ಸಣ್ಣಕ್ಕಿ ಬೀಜ ಬ್ರೀಡರ್ (ಹೊಸ ತಳಿ ಮಾಡೋರು) ಕೈಗೆ ಕೊಡಬಹುದಾ? ಅನುಭವ ಇರೋರು ಹೇಳಿ

ಶಾಂತಳ್ಳಿ_ಗದ್ದೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಸೋಮವಾರಪೇಟೆ ತಾಲೂಕು ಶಾಂತಳ್ಳಿ ಕಡೆ, ಎರಡು ಎಕರೆ ಗದ್ದೆ, ಮಿಕ್ಕಿದ್ದು ಕಾಫಿ. ಒಂದೂವರೆ ಎಕರೆಗೆ ತುಂಗಾ ಅನ್ನೋ ಭತ್ತದ ತಳಿ ಹಾಕ್ತೀವಿ. ಕೆಳಗಿನ ಅರ್ಧ ಎಕರೆ ಮಾತ್ರ ಅಮ್ಮ ಯಾರಿಗೂ ಬಿಟ್ಟುಕೊಡಲ್ಲ, ಅಲ್ಲಿ ಅಜ್ಜಿ ಕಾಲದಿಂದ ಬಂದಿರೋ ಪರಿಮಳದ ಸಣ್ಣಕ್ಕಿ. ಆದ್ರೆ ಮೂರು ವರ್ಷದಿಂದ ಬೆಂಕಿ ರೋಗ ಜಾಸ್ತಿ ಆಗಿದೆ, ತೆನೆ ಬಂದ ಮೇಲೆ ಕುತ್ತಿಗೆ ಹತ್ರ ಕಪ್ಪು ಉಂಗುರ ಕಾಣುತ್ತೆ, ಆಮೇಲೆ ತೆನೆ ಬೆಳ್ಳಗೆ ಎದ್ದು ನಿಲ್ಲುತ್ತೆ, ಮುಟ್ಟಿದ್ರೆ ಬರೀ ಜೊಳ್ಳು. ಉಳಿದಿದ್ದು ಅಕ್ಟೋಬರ್ ಮಳೆಗೆ ನೆಲಕ್ಕೆ ಮಲಗುತ್ತೆ.

ಹೋದ ತಿಂಗಳು ಭತ್ತದ ತಳಿ ಕೆಲಸ ಮಾಡೋ ಒಬ್ಬರು ಗದ್ದೆಗೆ ಬಂದಿದ್ರು. ಬೀಜ ಕೊಡಿ, ಬೆಂಕಿ ರೋಗ ತಡ್ಕೊಳ್ಳೋ ತಳಿ ಜೊತೆ ಕ್ರಾಸ್ ಮಾಡ್ತೀವಿ, ಆಮೇಲೆ ನಿಮ್ಮ ಗದ್ದೇಲೇ ಹಾಕಿ ನೀವೇ ಆರಿಸಿ ಅಂದ್ರು. ಮನುಷ್ಯರು ಒಳ್ಳೆಯವರ ಥರ ಕಂಡ್ರು. ಅಮ್ಮಂಗೆ ಮಾತ್ರ ಭಯ, ವಾಸನೆ ಹೋಗ್ಬಿಟ್ರೆ ಏನು, ಬೀಜ ಬೇರೆಯವರ ಹೆಸರಿಗೆ ಆಗ್ಬಿಟ್ರೆ ಏನು ಅಂತ. ಏನ್ ಮಾಡ್ಲಿ?

ಏರಿ_ಮೇಲಿನವ:
ನಾನು ವಿರಾಜಪೇಟೆ ಕಡೆಯವನು, ಐವತ್ತೆಂಟು ವಯಸ್ಸು. ನಿಮ್ಮಮ್ಮನ ಭಯ ನಂಗೆ ಅರ್ಥ ಆಗುತ್ತೆ ಕಣಮ್ಮ. ಸುಮಾರು ವರ್ಷದ ಹಿಂದೆ ಒಬ್ಬರು ಬಂದು ನಮ್ಮ ಮನೆಯಿಂದ ನಾಲ್ಕು ತಳಿ ತಗೊಂಡು ಹೋದ್ರು, ಚೀಲದ ಮೇಲೆ ನಂಬರ್ ಬರೆದ್ರು, ಟೀ ಕುಡಿದ್ರು, ಹೋದ್ರು. ಏನಾಯ್ತು ಅಂತ ಒಂದು ಫೋನೂ ಇಲ್ಲ. ಆ ನಾಲ್ಕರಲ್ಲಿ ಎರಡು ಈಗ ನಮ್ಮಲ್ಲೂ ಇಲ್ಲ, ಒಂದು ವರ್ಷ ಆನೆ ಬಂದು ತುಳಿದು ಬೀಜಕ್ಕೂ ಉಳೀಲಿಲ್ಲ, ಕೇಳೋಣ ಅಂದ್ರೆ ಯಾರನ್ನ ಕೇಳೋದು. ಕೊಡ್ಬೇಡಿ ಅಂತ ಹೇಳ್ತಿಲ್ಲ, ಕೊಡೋಕೆ ಮುಂಚೆ ಬರವಣಿಗೇಲಿ ತಗೊಳ್ಳಿ, ಮನೇಲಿ ಎರಡು ಕಡೆ ಬೀಜ ಇಟ್ಕೊಳ್ಳಿ.

ತೆನೆಸಾಲು:
ನಾನು ತಳಿ ಅಭಿವೃದ್ಧಿ ಓದಿದೋನು, ಈಗ ಊರಲ್ಲೇ ಇದೀನಿ, ಸ್ವಲ್ಪ ಉದ್ದ ಬರೀತೀನಿ ಕ್ಷಮಿಸಿ. ಆ ಬ್ರೀಡರ್ ಹೇಳ್ತಿರೋ ಕ್ರಮ ಹೊಸದಲ್ಲ. ನೇಪಾಳದಲ್ಲಿ ಛೊಮ್ರೊಂಗ್ ಅಂತ ಎತ್ತರದ ಹಳ್ಳಿ ಇದೆ, ಅಲ್ಲಿನ ನಾಟಿ ಭತ್ತಾನ ಜಪಾನಿನ ಫುಜಿ 102 ಜೊತೆ ಕ್ರಾಸ್ ಮಾಡಿ, ತಳಿ ಪೂರ್ತಿ ಹದಕ್ಕೆ ಬರೋವರೆಗೂ, ಅಂದ್ರೆ ಎಲ್ಲಾ ಗಿಡ ಒಂದೇ ಥರ ಆಗೋವರೆಗೂ ಕಾಯದೆ ಐದನೇ ತಲೆಮಾರಿನ ಬೀಜಾನೇ ರೈತರ ಕೈಗೆ ಕೊಟ್ಟುಬಿಟ್ರು, ರೈತರು ತಮ್ಮ ಗದ್ದೇಲಿ ಆರಿಸಿದ್ರು, ಅದೇ ಮಚ್ಛಾಪುಚ್ಛ್ರೆ-3 ಅಂತ 1996ರಲ್ಲಿ ಬಿಡುಗಡೆ ಆಯ್ತು. ಹೀಗೆ ಮಾಡೋಕೆ ಕಾರಣ ಇದೆ. ಸಂಶೋಧನಾ ಕೇಂದ್ರದ ಗದ್ದೇಲಿ ನೀರು, ಗೊಬ್ಬರ ಎಲ್ಲಾ ಲೆಕ್ಕವಾಗಿ ಸಿಗುತ್ತೆ, ಅಲ್ಲಿ ಗೆದ್ದ ಗಿಡ ನಿಮ್ಮ ಶಾಂತಳ್ಳಿಯ ಮಳೆ, ಮಂಜು, ನೆರಳಿನ ಗದ್ದೇಲಿ ಗೆಲ್ಲುತ್ತೆ ಅಂತ ಗ್ಯಾರಂಟಿ ಇಲ್ಲ. ಆಮೇಲೆ ಅಲ್ಲಿ ಮುಖ್ಯವಾಗಿ ನೋಡೋದು ಎಕರೆಗೆ ಎಷ್ಟು ಕ್ವಿಂಟಾಲ್ ಅಂತ. ಹುಲ್ಲು ಹಸು ತಿನ್ನುತ್ತಾ, ಒಟ್ಟಿ (ಅಕ್ಕಿ ರೊಟ್ಟಿ) ತಟ್ಟಿದ್ರೆ ಬಿರಿಯುತ್ತಾ, ಕಡಂಬುಟ್ಟಿಗೆ (ಅಕ್ಕಿ ಕಡುಬಿಗೆ) ತರಿ ಸರಿ ಬರುತ್ತಾ, ಹುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗೆಯೋ ಹೊತ್ತಿಗೆ ತೆನೆ ಬಾಗಿರುತ್ತಾ, ಇದನ್ನೆಲ್ಲ ನಿಮ್ಮಮ್ಮ ಹೇಳಿದ್ರೇನೇ ಗೊತ್ತಾಗೋದು.

ಆದ್ರೆ ನಿಮ್ಮ ವಿಷಯದಲ್ಲಿ ಕ್ರಾಸ್‌ಗಿಂತ ಮುಂಚೆ ಮಾಡೋ ಕೆಲಸ ಒಂದಿದೆ. ಅದೇ ನೇಪಾಳದ ಪೋಖರಾ ಕಣಿವೇಲಿ ಜೇಠೋಬುಢೋ ಅಂತ ಪರಿಮಳದ ಭತ್ತ. ಬೇರೆ ಬೇರೆ ಮನೆಗಳಿಂದ ಆ ಒಂದೇ ಭತ್ತದ ನೂರಾರು ಸ್ಯಾಂಪಲ್ ತಂದು, ಬೆಂಕಿ ರೋಗ ಕಮ್ಮಿ ಇರೋದು, ಮಲಗದೆ ಇರೋದು, ಅಡುಗೇಲಿ ವಾಸನೆ ಉಳಿಸ್ಕೊಂಡಿರೋದು ಅಂತ ಸೋಸಿ ಸೋಸಿ, ಕೊನೇಲಿ ನಿಂತಿದ್ದನ್ನ ಸೇರಿಸಿ 2006ರಲ್ಲಿ ಬಿಡುಗಡೆ ಮಾಡಿದ್ರು. ಹೊರಗಿನ ತಳಿ ಏನೂ ಬೆರೆಸಲಿಲ್ಲ. ನಾಟಿ ತಳಿ ಅಂದ್ರೆ ಒಂದೇ ಥರದ ಗಿಡಗಳಲ್ಲ, ಒಳಗೇ ಹತ್ತಾರು ಥರ ಇರುತ್ತೆ. ನಿಮ್ಮ ಅರ್ಧ ಎಕರೇಲೂ ರೋಗ ಬಂದ ಜಾಗದ ನಡುವೆ ನೆಟ್ಟಗೆ ನಿಂತ ಗಿಡ ಇದ್ದೇ ಇರುತ್ತೆ, ಹೋಗಿ ನೋಡಿ.

ಮಾಡೋ ರೀತಿ ಹೇಳ್ತೀನಿ. ರೋಗ ಜಾಸ್ತಿ ಬಿದ್ದ ಕಡೇನೇ ಹುಡುಕಿ, ಚೆನ್ನಾಗಿರೋ ಮೂಲೇಲಿ ಎಲ್ಲಾ ಗಿಡಾನೂ ಚೆನ್ನಾಗೇ ಕಾಣುತ್ತೆ. ಬದು ಪಕ್ಕದ ಗಿಡ ಬಿಡಿ, ಅದಕ್ಕೆ ಜಾಗ, ಬೆಳಕು ಜಾಸ್ತಿ ಸಿಕ್ಕಿರುತ್ತೆ. ಇನ್ನೂರು ತೆನೆ ಆರಿಸಿ, ಒಂದೊಂದನ್ನೂ ಬೇರೆ ಕವರ್‌ಗೆ ಹಾಕಿ. ಮುಂದಿನ ವರ್ಷ ಒಂದು ತೆನೆಗೆ ಒಂದು ಸಾಲು, ಗುಣಿಗೆ ಒಂದೇ ಸಸಿ. ಯೂರಿಯಾ ಎಲ್ಲಾ ಸಾಲಿಗೂ ಒಂದೇ ಅಳತೆ, ಅದೂ ಕಮ್ಮಿ, ಯೂರಿಯಾ ಜಾಸ್ತಿ ಆದ್ರೆ ಬೆಂಕಿ ರೋಗಕ್ಕೆ ಬಾಗಿಲು ತೆಗೆದ ಹಾಗೆ. ಕೆಟ್ಟ ಸಾಲು ಪೂರ್ತಿ ಬಿಟ್ಟುಬಿಡಿ. ಭತ್ತ ತನ್ನಲ್ಲೇ ಪರಾಗ ಕಟ್ಟೋ ಬೆಳೆ, ಹಾಗಾಗಿ ತುಂಗಾದಿಂದ ಮೂರು ಮೀಟರ್ ಅಂತರ ಇದ್ರೆ ಸಾಕು. ಕ್ರಾಸ್ ಆದ್ರೆ ತಳಿ ಹದಕ್ಕೆ ಬರೋಕೆ ಆರೇಳು ತಲೆಮಾರು ಬೇಕು, ನಮ್ಮಲ್ಲಿ ವರ್ಷಕ್ಕೆ ಒಂದೇ ಬೆಳೆ, ಲೆಕ್ಕ ಹಾಕ್ಕೊಳ್ಳಿ. ಎರಡೂ ಒಟ್ಟಿಗೆ ನಡೀಲಿ, ಅಷ್ಟರಲ್ಲಿ ನಿಮ್ಮ ಬೀಜ ಸುಧಾರಿಸಿರುತ್ತೆ.

ಕಾಫಿಹೂ_ಮಡಿಕೇರಿ:
ಹೆಸರಿನ ಭಯಕ್ಕೆ ಉತ್ತರ ನಾನು ಹೇಳ್ತೀನಿ ಅಕ್ಕ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಇದೆ, ಅದರ 39ನೇ ಸೆಕ್ಷನ್ ಪ್ರಕಾರ ಬೀಜ ಇಟ್ಕೊಳ್ಳೋದು, ಮತ್ತೆ ಬಿತ್ತೋದು, ಹಂಚೋದು, ಮಾರೋದು ರೈತರ ಹಕ್ಕು, ಬ್ರ್ಯಾಂಡ್ ಹಾಕಿ ಮಾರೋ ಹಾಗಿಲ್ಲ ಅಷ್ಟೇ. ರೈತರ ತಳಿ ಅಂತ ನೋಂದಣಿನೂ ಮಾಡಿಸಬಹುದು, ರೈತರಿಗೆ ಫೀಸ್ ಇಲ್ಲ. ನಿಮ್ಮ ಬೀಜ ಬಳಸಿ ಹೊಸ ತಳಿ ನೋಂದಾಯಿಸೋಕೆ ಹೋದೋರು, ಊರಿನವರು ಉಳಿಸಿದ ಬೀಜ ಬಳಸಿದೀವಿ ಅಂತ ಅರ್ಜೀಲಿ ಹೇಳ್ಬೇಕು. ನಿಮ್ಮ ಜೊತೆ ಅದೇ ಬೀಜ ಇರೋ ಬೇರೆ ಮನೆಯವರನ್ನೂ ಸೇರಿಸ್ಕೊಳ್ಳಿ, ಒಂದೇ ಮನೆ ಅಂದ್ರೆ ಕೇಳೋರಿಲ್ಲ.

ಶಾಂತಳ್ಳಿ_ಗದ್ದೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮಂಗೆ ಎಲ್ಲಾ ಓದಿ ಹೇಳ್ದೆ. ನಿನ್ನೆ ಬೆಳಿಗ್ಗೆ ಇಬ್ರೂ ಗದ್ದೆಗೆ ಇಳಿದ್ವಿ. ಅಮ್ಮ ಒಂದೊಂದು ತೆನೆ ಕುತ್ತಿಗೇನೂ ಉಗುರಲ್ಲಿ ಸವರಿ ನೋಡಿ, ಕಪ್ಪು ಇಲ್ಲ ಅಂದ್ರೆ ಎರಡು ಕಾಳು ಸುಲಿದು ಬಾಯಿಗೆ ಹಾಕಿ ಅಗಿದು ವಾಸನೆ ನೋಡಿ, ಆಮೇಲೆ ಹಳೇ ಸೀರೆಯ ಕೆಂಪು ದಾರ ಕಟ್ಟಿದ್ರು. ಮಧ್ಯಾಹ್ನದವರೆಗೆ ಅರವತ್ಮೂರು ಆಯ್ತು. ವಾಸನೆ ಇಷ್ಟು ಬೇರೆ ಬೇರೆ ಇರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ, ಒಂದೇ ಗದ್ದೇಲಿ ಕೆಲವಕ್ಕೆ ಏನೂ ಇಲ್ಲ, ಕೆಲವು ಕೈಗೇ ಹತ್ತುತ್ತೆ. ಆ ಬ್ರೀಡರ್‌ಗೆ ಫೋನ್ ಮಾಡಿ, ಕೊಯ್ಲಿಗೆ ಮುಂಚೆ ಬಂದು ಅಮ್ಮ ಆರಿಸೋದನ್ನ ನೋಡಿ, ಆಮೇಲೆ ಬರವಣಿಗೆ ಮಾಡ್ಕೊಂಡು ಬೀಜ ಕೊಡ್ತೀವಿ ಅಂದೆ. ಗುರುವಾರ ಬರ್ತಾರಂತೆ. ಆರಿಸಿದ ತೆನೆ ಪತ್ತಾಯದಲ್ಲೇ (ಭತ್ತ ತುಂಬಿಡೋ ಮರದ ಪೆಟ್ಟಿಗೇಲಿ) ಇಡ್ಲಾ?

ತೆನೆಸಾಲು:
ಪತ್ತಾಯ ಬೇಡ, ಬೇರೆ ಭತ್ತದ ಜೊತೆ ಬೆರಕೆ ಆಗುತ್ತೆ. ನೆರಳಲ್ಲಿ ಚೆನ್ನಾಗಿ ಒಣಗಿಸಿ ಕಾಗದದ ಕವರ್, ಅದರ ಮೇಲೆ ನಂಬರ್, ಒಳಗೂ ಒಂದು ಚೀಟಿ, ಆಮೇಲೆ ಡಬ್ಬಿಗೆ ಹಾಕಿ ಒಲೆ ಮೇಲಿನ ಅಟ್ಟದಲ್ಲಿ ಇಡಿ. ಇಲಿ ನೋಡ್ಕೊಳ್ಳಿ.