ಬಿಸಿಬೇಳೆ ಬಾತ್ ಬಳಗ: ಮತ್ತೆ ಅದೇ ಮನೆ
(ಇಂಗ್ಲೆಂಡಿನ ಬಾತ್ ಊರಿನ ಕನ್ನಡಿಗ ನೆರೆಯವರ ಚಾಟ್ ಗುಂಪಿನಿಂದ. – ಅಡ್ಮಿನ್)

ಬೇಸ್‌ಮೆಂಟ್ ಅಕ್ಕ, ಭಾನುವಾರ 3:12
ಯಾರಾದರೂ ಎದ್ದಿದ್ದೀರಾ? ಮತ್ತೆ ಅದೇ ಮನೆ, ರಾತ್ರಿ ಲೆಕ್ಕದಲ್ಲಿ ಪಾರ್ಟಿಗೆ ಬಾಡಿಗೆಗೆ ಬಿಡುತ್ತಾರಲ್ಲ, ಅದು! ಹದಿನಾಲ್ಕು ಹೆಂಗಸರು, ತಲೆ ಮೇಲೆ ಗುಲಾಬಿ ಕಿರೀಟ, ಹದಿನಾಲ್ಕು ಸೂಟ್‌ಕೇಸ್. ಕಲ್ಲು ಚಪ್ಪಡಿ ಮೇಲೆ ಗಡಗಡ ಎಳೆದುಕೊಂಡು ಹೋದರು. ನನ್ನ ಮಲಗುವ ಕೋಣೆ ಫುಟ್‌ಪಾತಿಗಿಂತ ಒಂದಾಳು ಕೆಳಗೆ. ನೆತ್ತಿ ಮೇಲೆ ರಾಗಿಕಲ್ಲು ತಿರುಗಿದ ಹಾಗಾಯಿತು. ಮಗು ಎದ್ದು ಕೂತಿದೆ. ಇನ್ನು ನನ್ನ ಕೈಲಿ ಆಗುವುದಿಲ್ಲ.

ಬೇಸ್‌ಮೆಂಟ್ ಅಕ್ಕ, 3:31
ಹೊರಗೆ ಹೋಗಿ ನೋಡಿದೆ. ನಮ್ಮ ಕಬ್ಬಿಣದ ಬೇಲಿಯ ಈಟಿ ತುದಿಗೆ ಬೆಳ್ಳಿ ಬಣ್ಣದ ಹೈ ಹೀಲ್ಸ್ ಸಿಕ್ಕಿಸಿದ್ದಾರೆ. ಎಡಗಾಲಿನದು. ಎಳೆದರೆ ಚಪ್ಪಲಿ ಜತೆ ಈಟಿ ತುದಿಯೂ ಕೈಗೆ ಬಂತು.

ಡಾಕ್ಟ್ರು, 7:05
ಆ ತುದಿಯನ್ನು ಬಿಸಾಡಬೇಡಮ್ಮ. ಅಂಟು ಹಾಕಲೂ ಹೋಗಬೇಡ. ನಮ್ಮದು ಲಿಸ್ಟೆಡ್ ಕಟ್ಟಡ, ಅಂದರೆ ಪರಂಪರೆ ಅಂತ ಸರ್ಕಾರ ಪಟ್ಟಿ ಮಾಡಿ ಕಾಪಾಡುವಂಥದ್ದು, ಅದರಲ್ಲಿ ಬೇಲಿಯೂ ಸೇರಿತು. ಅನುಮತಿ ಇಲ್ಲದೆ ಬದಲಾಯಿಸಿದರೆ 1990ರ ಕಾಯ್ದೆ ಪ್ರಕಾರ ಅಪರಾಧ. ದಂಡ ಅಷ್ಟೇ ಅಲ್ಲ, ಜೈಲೂ ಆಗಬಹುದು.

ಬೇಸ್‌ಮೆಂಟ್ ಅಕ್ಕ, 7:06
ಮುರಿದವರಿಗೋ, ನನಗೋ?

ಮಂಡ್ಯದವ, 7:40
ಅಕ್ಕ, ಸದ್ದಿಗೆ ಡಬಲ್ ಗ್ಲೇಜಿಂಗ್ ಒಂದೇ ದಾರಿ, ಎರಡು ಪದರ ಗಾಜಿನ ಪ್ಲಾಸ್ಟಿಕ್ ಕಿಟಕಿ. ನಮ್ಮ ಕಿಟಕಿಗಳು ಮೇಲೆ ಕೆಳಗೆ ಜಾರುವಂಥವು. ಒಂದೇ ಪದರ ಗಾಜು. ಗಾಳಿ ಬೀಸಿದರೆ ಪರದೆ ಕುಣಿಯುತ್ತದೆ.

ಡಾಕ್ಟ್ರು, 7:44
ಪ್ಲಾಸ್ಟಿಕ್ ಕಿಟಕಿ ಮಾತು ಈ ಗುಂಪಿನಲ್ಲಿ ಬೇಡ. ಒಳಗಿನಿಂದ ಇನ್ನೊಂದು ಗಾಜಿನ ಚೌಕಟ್ಟು ಹಾಕಿಸಬಹುದು, ಹಳೆ ಕಿಟಕಿ ಹಾಗೇ ಇರುತ್ತದೆ. ಅದಕ್ಕೂ ಮೊದಲು ನಗರಸಭೆಯವರನ್ನು ಕೇಳಿಕೊಳ್ಳಿ. ಈ ಊರು 1987ರಿಂದ ವಿಶ್ವ ಪರಂಪರೆ ತಾಣ, ನೆನಪಿರಲಿ. ಇಲ್ಲಿನ ಅರ್ಧಚಂದ್ರಾಕಾರದ ಮನೆಸಾಲು ರಾಯಲ್ ಕ್ರೆಸೆಂಟ್ 1767ರಲ್ಲಿ ಶುರುವಾಗಿ 1775ಕ್ಕೆ ಮುಗಿಯಿತು. 30 ಮನೆ, ಎದುರಿನಿಂದ ನೋಡಿದರೆ ಒಂದೇ ಅರಮನೆ. ಕೊಂಡವರಿಗೆ ಸಿಕ್ಕಿದ್ದು ಮುಂಗೋಡೆಯ ಒಂದು ತುಂಡು ಮಾತ್ರ. ಅದರ ಹಿಂದೆ ಅವರವರ ಮನೆ ಅವರವರೇ ಕಟ್ಟಿಸಿಕೊಂಡರು. ಅದಕ್ಕೇ ಹಿತ್ತಿಲ ಕಡೆ ಹೋಗಿ ನೋಡಿದರೆ ಒಂದಕ್ಕೊಂದು ತಾಳಮೇಳ ಇಲ್ಲ...

ಪಿಎಚ್‌ಡಿ ಹುಡುಗ, 7:46
ನಮ್ಮ ಗುಂಪಿನ ಹಾಗೇ 😄

ಡಾಕ್ಟ್ರು, 7:47
ಮಧ್ಯೆ ಬಾಯಿ ಹಾಕಬೇಡಪ್ಪ. ಇನ್ನೂ ಮುಗಿದಿಲ್ಲ.

ಮೈಸೂರು ಮಾಮಿ, 7:50
🌻 ಶುಭೋದಯ 🌻 ಬೆಳಗ್ಗೆ ಎದ್ದ ತಕ್ಷಣ ಬಿಸಿನೀರು ಕುಡಿಯಿರಿ, ನೂರು ಕಾಯಿಲೆ ದೂರ! ಹತ್ತು ಜನಕ್ಕೆ ಕಳಿಸಿ.

ಪಿಎಚ್‌ಡಿ ಹುಡುಗ, 7:52
ಮಾಮಿ, ಇದನ್ನು ಈ ಊರಿನವರು ರೋಮನ್ನರ ಕಾಲದಿಂದಲೂ ಫಾರ್ವರ್ಡ್ ಮಾಡುತ್ತಿದ್ದಾರೆ. ಕೆಳಗಿನ ಬುಗ್ಗೆಯ ನೀರು 46 ಡಿಗ್ರಿ, ಸ್ಟವ್ ಹಚ್ಚುವುದೂ ಬೇಡ.

ಅಡ್ಮಿನ್, 8:30
ದಯವಿಟ್ಟು ವಿಷಯಕ್ಕೆ ಬನ್ನಿ. ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ ಸದ್ದಿಗೆ ಬೇರೆಯೇ ಮಿತಿ ಇದೆ, 1996ರ ಕಾಯ್ದೆ. ಎಲ್ಲರೂ ಸದ್ದಾದ ದಿನ, ಗಂಟೆ ಬರೆದು ಹಾಕಿ. ಒಟ್ಟಿಗೆ ದೂರು ಕೊಡೋಣ. ಒಬ್ಬರ ದೂರಿಗೆ ತೂಕ ಕಡಿಮೆ.

ಮಂಡ್ಯದವ, 8:34
ಬಾಡಿಗೆಗೆ ಬಿಡುವುದಕ್ಕೆ ವರ್ಷಕ್ಕೆ 90 ರಾತ್ರಿ ಅಂತ ಮಿತಿ ಇದೆಯಲ್ವಾ? ಆ ಮನೆಯವರು ಏಪ್ರಿಲ್‌ಗೇ ಮುಗಿಸಿದ್ದಾರೆ.

ಅಡ್ಮಿನ್, 8:36
ಅದು ಲಂಡನ್ನಿಗೆ ಮಾತ್ರ. ಇಲ್ಲಿ ಲೆಕ್ಕಕ್ಕಿಲ್ಲ.

ಬೇಸ್‌ಮೆಂಟ್ ಅಕ್ಕ, 8:41
ಮಿತಿ ಇದ್ದಿದ್ದರೆ ಮೇಲಿನ ಮಹಡಿಯವರಿಗೂ ಕಷ್ಟ ಆಗುತ್ತಿತ್ತು ಬಿಡಿ.

ಮೂರನೇ ಮಹಡಿ, 8:43
ನನಗೇನಾ ಹೇಳಿದ್ದು? ಹೋದ ಆಗಸ್ಟ್ ಊರಿಗೆ ಹೋದಾಗ ಮೂರು ವಾರ ಬಿಟ್ಟಿದ್ದೆವು. ಬಂದವರು ಇಬ್ಬರು ಮುದುಕರು, ಬೈನಾಕ್ಯುಲರ್ ಹಿಡಿದುಕೊಂಡು ಹಕ್ಕಿ ನೋಡುವವರು. ನಾಲ್ಕು ಟಿಕೆಟ್ ದುಡ್ಡು ನೀವು ಕೊಡುತ್ತೀರಾ?

ಬೇಸ್‌ಮೆಂಟ್ ಅಕ್ಕ, 8:45
ಆ ಮುದುಕರಿಗೂ ಸೂಟ್‌ಕೇಸ್ ಇತ್ತು.

ಡಾಕ್ಟ್ರು, 8:52
ಬಾಡಿಗೆ ಹೊಸದೇನಲ್ಲ. ಈ ಬೀದಿಗಳನ್ನು ಕಟ್ಟಿಸಿದ್ದೇ ಸೀಸನ್‌ಗೆ ಬಂದು ಉಳಿಯುವವರಿಗೆ. ಆಗಲೂ ರಾತ್ರಿಯಿಡೀ ಕುಣಿತ, ಇಸ್ಪೀಟು. ಬಾಗಿಲ ಪಕ್ಕ ಶಂಕುವಿನ ಹಾಗಿರುವ ಕಬ್ಬಿಣದ ಟೋಪಿ ನೋಡಿದ್ದೀರಲ್ಲ, ಪಾರ್ಟಿ ಮುಗಿಸಿ ಬಂದವರ ಪಂಜು ಆರಿಸುವುದಕ್ಕೆ ಅದು. ಈಗ ಸಮಸ್ಯೆ ಬಾಡಿಗೆಯದಲ್ಲ, ನಮ್ಮದೇ ಅಶಿಸ್ತು. ಮೂರನೇ ಮಹಡಿಯವರು ಯುಗಾದಿಗೆ ಮುಂಬಾಗಿಲ ಚೌಕಟ್ಟಿಗೆ ತೋರಣದ ಮೊಳೆ ಹೊಡೆದರು. ಇನ್ನೊಬ್ಬರು ಮೆಟ್ಟಿಲ ಮೇಲೆ ಆಯಿಲ್ ಪೇಂಟ್ ರಂಗೋಲಿ ಬರೆದರು. ಬಾತ್ ಕಲ್ಲು ಬೆಣ್ಣೆ ಇದ್ದ ಹಾಗೆ, ಎಣ್ಣೆ ಕುಡಿದರೆ ಬಿಡುವುದಿಲ್ಲ.

ಮೈಸೂರು ಮಾಮಿ, 8:58
ಆ ರಂಗೋಲಿ ನಂದು. ಆರು ತಿಂಗಳಿಂದ ಇದನ್ನೇ ಹೇಳುತ್ತಿದ್ದೀರಿ ಡಾಕ್ಟ್ರೇ.

ಮೂರನೇ ಮಹಡಿ, 9:01
ಮೊಳೆ ಅಲ್ಲ, ಸ್ಟಿಕ್ಕರ್ ಕೊಕ್ಕೆ! ಬಂದು ನೋಡಿ. ರಾಯಲ್ ಕ್ರೆಸೆಂಟಿನ 22ನೇ ನಂಬರಿನ ಹೆಂಗಸು 1970ರ ದಶಕದಲ್ಲಿ ಬಾಗಿಲಿಗೆ ಹಳದಿ ಬಣ್ಣ ಬಳಿದಳು. ನಗರಸಭೆಯವರು ಬಿಳಿ ಮಾಡು ಅಂದರೂ ಜಗ್ಗಲಿಲ್ಲ, ಹೋರಾಡಿ ಗೆದ್ದಳು. ನನ್ನ ಮಾವಿನೆಲೆ ಎರಡು ದಿನಕ್ಕೆ ಒಣಗಿ ಉದುರಿತು.

ಪಿಎಚ್‌ಡಿ ಹುಡುಗ, 9:03
ಮಾವಿನೆಲೆ ಎಲ್ಲಿ ಸಿಕ್ಕಿತು? ಅಂಗಡಿ ಹೆಸರು ಹಾಕಿ ಪ್ಲೀಸ್.

(ಇದರ ಮೇಲೆ 23 ಉತ್ತರ ಬಂದವು. ಬಿಟ್ಟಿದ್ದೇನೆ. – ಅಡ್ಮಿನ್)

ಅಡ್ಮಿನ್, ಸೋಮವಾರ 18:10
ದಿನ, ಗಂಟೆ ಬರೆದುಕೊಟ್ಟವರು ಇಲ್ಲಿಯವರೆಗೆ ಒಬ್ಬರೇ, ಅಕ್ಕ. ಮಂಗಳವಾರ ಸಂಜೆ ಏಳಕ್ಕೆ ನಮ್ಮ ಮನೆಯಲ್ಲಿ ಸೇರೋಣವೇ? ಉಪ್ಪಿಟ್ಟು ಇರುತ್ತದೆ.

ಮಂಡ್ಯದವ, 18:14
ಮಂಗಳವಾರ ನೈಟ್ ಶಿಫ್ಟು.

ಮೂರನೇ ಮಹಡಿ, 18:15
ಕ್ಷಮೆ ಕೇಳಿದರೆ ಬರುತ್ತೇನೆ.

ಡಾಕ್ಟ್ರು, 18:20
ಬರುತ್ತೇನೆ. ಅರ್ಧ ಗಂಟೆ ನನಗೆ ಕೊಡಿ, ಸ್ಲೈಡ್ ತರುತ್ತೇನೆ.

ಪಿಎಚ್‌ಡಿ ಹುಡುಗ, 18:21
ನನಗೂ ಏನೋ ಕೆಲಸ ನೆನಪಾಯಿತು.

ಮೈಸೂರು ಮಾಮಿ, ಮಂಗಳವಾರ 6:20
ಅಯ್ಯೋ ಬಂದು ನೋಡಿ! ಸೀಗಲ್ ಹಕ್ಕಿಗಳು ಕಸದ ಚೀಲ ಹರಿದು ಬೀದಿ ತುಂಬ ಎಳೆದಾಡಿವೆ. ನನ್ನ ನುಗ್ಗೆಕಾಯಿ ಸಿಪ್ಪೆ ಡಾಕ್ಟ್ರ ಮೆಟ್ಟಿಲ ಮೇಲಿದೆ. ನಾನು ಹಾಕಿದ್ದಲ್ಲ.

ಮಂಡ್ಯದವ, 6:25
ಬೆಳಗಿನ ನಾಲ್ಕಕ್ಕೇ ಕಿರುಚಾಟ ಶುರು. ಆ ಹೆಂಗಸರೇ ವಾಸಿ. ಗೂಡು ಕಿತ್ತು ಹಾಕೋಣ್ವಾ?

ಅಡ್ಮಿನ್, 6:31
ಮುಟ್ಟಬೇಡಿ. 1981ರ ಕಾಯ್ದೆ ಪ್ರಕಾರ ಹಕ್ಕಿ, ಗೂಡು, ಮೊಟ್ಟೆ ಮೂರಕ್ಕೂ ರಕ್ಷಣೆ ಇದೆ. ಕೊಕ್ಕಿಗೆ ಹರಿಯದ ದಪ್ಪ ಚೀಲ ಬರುತ್ತದಲ್ಲ, ಅದರಲ್ಲೇ ಕಸ ಇಡಿ.

ಮೂರನೇ ಮಹಡಿ, 6:33
ನಮ್ಮ ಚೀಲ ಯಾರೋ ಎತ್ತಿಕೊಂಡು ಹೋದರು. ಯಾರು ಅಂತ ಗೊತ್ತು, ಹೇಳುವುದಿಲ್ಲ.

ಮಂಡ್ಯದವ, 6:36
ನನ್ನ ಹತ್ತಿರ ಎರಡು ಜಾಸ್ತಿ ಇವೆ. ಬೇಲಿಗೆ ಕಟ್ಟಿ ಇಡುತ್ತೇನೆ, ತೆಗೆದುಕೊಳ್ಳಿ.

ಡಾಕ್ಟ್ರು, 6:37
ಬೇಲಿಗೆ ಏನನ್ನೂ ಕಟ್ಟಬೇಡಿ.

ಅಡ್ಮಿನ್, 6:45
ಹಾಗಾದರೆ ಇವತ್ತಿನ ಸಭೆಯಲ್ಲಿ ಮೊದಲು ಸೀಗಲ್, ಚೀಲದ ವಿಷಯ. ಎಷ್ಟು ಜನ ಬರುತ್ತೀರಿ? 👍 ಒತ್ತಿ. ರವೆ ಅಳೆಯಬೇಕು.

👍 11

ಬೇಸ್‌ಮೆಂಟ್ ಅಕ್ಕ, 6:58
ಈಟಿ ತುದಿ ಇನ್ನೂ ನನ್ನ ಅಡುಗೆಮನೆಯಲ್ಲೇ ಇದೆ, ಒಗ್ಗರಣೆ ಡಬ್ಬಿ ಪಕ್ಕ. ಸಭೆಗೆ ತರಲಾ?

ಅಡ್ಮಿನ್, 7:15
ಸಮಯ ಇದ್ದರೆ ನೋಡೋಣ ಅಕ್ಕ. ಬರುವಾಗ ಎರಡು ದೊಡ್ಡ ಪಾತ್ರೆ ತನ್ನಿ.